ಉಗ್ರಾಣದಲ್ಲಿ ಚೀನಾ ಪರೀಕ್ಷೆ

ನಾನು ಜಗಳಗಂಟಿಯಲ್ಲ. ನಂಬಿಕೆಯಿಲ್ಲದಿದ್ದರೆ ಯಾರನ್ನಾದರೂ ಕೇಳಿ, ನಮ್ಮ ಯಜಮಾನರನ್ನು ಮಾತ್ರ ಕೇಳಬೇಡಿ. ಆದರೆ ಇಂಗ್ಲಿಷ್ ಪರೀಕ್ಷೆಗೆ ಪ್ಯಾಸೇಜು ಆರಿಸಿಕೊಡುವ ಮಹಾನುಭಾವರು ಯಾರಾದರೂ ಕೈಗೆ ಸಿಕ್ಕರೆ ಕೂರಿಸಿ, ಕಾಫಿ ಕೊಟ್ಟು, ಎರಡು ಮಾತು ಕೇಳಿಯೇ ಕಳಿಸಬೇಕೆಂದು ಎಷ್ಟೋ ವರ್ಷದಿಂದ ಕಾದಿದ್ದೇನೆ. ಅಲ್ಲ ಸ್ವಾಮಿ, ಒಬ್ಬ ನಾವಿಕನ ಹಡಗು ಒಡೆದು, ಅವನು ಹಲಗೆ ಹಿಡಿದು ತೇಲಿಕೊಂಡು ಬಂದು, ದೂರದ ದಡದಲ್ಲಿ ಒಂದು ದೀಪ ಕಂಡಿತು ಅನ್ನುವಷ್ಟರಲ್ಲಿ ಪ್ಯಾಸೇಜು ಮುಗಿಸಿಬಿಡುತ್ತೀರಲ್ಲ, ಆ ದೀಪ ಯಾರ ಮನೆಯದು? ಊರಿನಲ್ಲಿ ಅವನ ಹೆಂಡತಿ ಮಕ್ಕಳ ಗತಿ ಏನಾಯಿತು? ಅದನ್ನೆಲ್ಲ ಬಿಟ್ಟು ಅವನು ಹಿಡಿದಿದ್ದ ಹಲಗೆ ಯಾವ ಮರದ್ದು ಎಂದು ಕೇಳುತ್ತೀರಿ. ಮನೆಗೆ ಬಂದ ನೆಂಟರನ್ನು ಯಾರಾದರೂ ಹೀಗೆ ವಿಚಾರಿಸಿಕೊಂಡರೆ ಅವರು ಮತ್ತೆ ಆ ಹೊಸಲು ತುಳಿಯುವುದುಂಟೆ? ಕಾಂಪ್ರೆಹೆನ್ಷನ್ ಎಂದರೆ ಓದಿ ಅರ್ಥ ಮಾಡಿಕೊಳ್ಳುವುದಂತೆ. ನನ್ನನ್ನು ಕೇಳಿದರೆ, ಓದಿ, ಅರ್ಥವಾದದ್ದರಲ್ಲಿ ಮುಕ್ಕಾಲು ಪಾಲು ನುಂಗಿಕೊಂಡು, ಕೇಳಿದಷ್ಟಕ್ಕೆ ಮಾತ್ರ ಬಾಯಿಬಿಡುವುದು. ನನ್ನಂಥ ಬಾಯಿಬಡುಕಿಗೆ ಈ ವಿದ್ಯೆ ಅಷ್ಟು ಸುಲಭವಾಗಿ ಹತ್ತುತ್ತದೆಯೇ?

ಹತ್ತಲಿಲ್ಲ. ಅದಕ್ಕೆ ಸಾಕ್ಷಿ ಒಂದು ಬೆಕ್ಕು. ನನ್ನ ತವರು ತಲಕಾಡು. ಎಪ್ಪತ್ತರ ದಶಕದಲ್ಲಿ ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ ಪಿಯುಸಿ ಓದುತ್ತಿದ್ದೆ. ಪರೀಕ್ಷೆಯಲ್ಲಿ ಒಂದು ಪ್ಯಾಸೇಜು ಬಂತು. ಇಂಗ್ಲೆಂಡಿನಲ್ಲಿ ಒಬ್ಬಳು ಮುದುಕಿ, ಒಳ್ಳೆಯ ಸ್ಥಿತಿವಂತೆ, ಸಾಯುವ ಮುಂಚೆ ತನ್ನ ಮನೆಯನ್ನು ಸಾಕಿದ ಬೆಕ್ಕಿನ ಹೆಸರಿಗೆ ಬರೆದಿಟ್ಟಳು ಎಂದಿತ್ತು. ನನಗೆ ನಗು ಬಂತು. ಯಾರಾದರೂ ಬೆಕ್ಕಿಗೆ ಮನೆ ಬರೆಯುತ್ತಾರೆಯೆ? ಕಂದಾಯ ಕಟ್ಟುವವರು ಯಾರು? ಖಾತೆ ಬದಲಾಯಿಸುವಾಗ ಹೆಬ್ಬೆಟ್ಟು ಒತ್ತುವವರು ಯಾರು? ಎಲ್ಲೋ ಅಚ್ಚು ಹಾಕುವವರು ಎಡವಟ್ಟು ಮಾಡಿದ್ದಾರೆ, ಪಾಪ, ನಾವೇ ಸರಿ ಮಾಡಿಕೊಳ್ಳಬೇಕು ಎಂದುಕೊಂಡು, ಮನೆ ಯಾರಿಗೆ ಹೋಯಿತು ಎಂಬ ಪ್ರಶ್ನೆಗೆ ನ್ಯಾಯವಾಗಿ ಯೋಚಿಸಿ, ಮುದುಕಿಯ ತಮ್ಮನ ಮಗನಿಗೆ ಎಂದು ಬರೆದೆ. ಅಷ್ಟಕ್ಕೇ ಬಿಡದೆ, ಅವನು ಸೋದರತ್ತೆಯನ್ನು ಕೊನೆಗಾಲದಲ್ಲಿ ಬಹಳ ಚೆನ್ನಾಗಿ ನೋಡಿಕೊಂಡಿದ್ದ ಎಂದೂ ಸೇರಿಸಿದೆ. ಆ ಪ್ಯಾಸೇಜಿನ ಉಳಿದ ಪ್ರಶ್ನೆಗಳಿಗೂ ಇದೇ ರೀತಿ ಉಪಕಾರ ಮಾಡಿದೆ. ಮಿಕ್ಕ ವಿಷಯಗಳಲ್ಲೆಲ್ಲ ಪಾಸು, ಇಂಗ್ಲಿಷಿನಲ್ಲಿ ಫೇಲು. ಅಪ್ಪ ಒಂದು ಮಾತೂ ಬೈಯಲಿಲ್ಲ, ಸುಮ್ಮನೆ ಗಂಡು ಹುಡುಕಿದರು. ಆ ಕಾಲದಲ್ಲಿ ಫೇಲಾದ ಹುಡುಗಿಯರಿಗೆ ಅದೇ ಮುಂದಿನ ತರಗತಿ.

ಕೊಟ್ಟದ್ದು ನಂಜನಗೂಡಿಗೆ. ಮಾವ ಪುಟ್ಟಬಸಪ್ಪನವರದು ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಮ್ಮ ಯಜಮಾನರು ಅಪ್ಪನ ಪಕ್ಕದಲ್ಲಿ ತಕ್ಕಡಿ ಹಿಡಿದು ನಿಲ್ಲುತ್ತಿದ್ದರು. ಅತ್ತೆ ಗೌರಮ್ಮನವರು ಅಕ್ಷರ ಕಲಿತವರಲ್ಲ. ಆದರೆ ಬೀದಿಯ ಯಾವ ಮನೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಆ ಮನೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಪ್ಲಾಸ್ಟಿಕ್ ಚೀಲಗಳು ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಮೈಸೂರಿನಿಂದ ಮೂಟೆಗಟ್ಟಲೆ ರದ್ದಿ ಕಾಗದ ತರಿಸಿ, ಹರಿದು, ಅದರಲ್ಲೇ ಬೇಳೆ ಬೆಲ್ಲ ಎಲ್ಲವನ್ನೂ ಪೊಟ್ಟಣ ಕಟ್ಟಿಕೊಡುತ್ತಿದ್ದರು. ಕಾಗದ ಹರಿದು ಜೋಡಿಸಿಡುವ ಕೆಲಸ ಹೆಂಗಸರದು. ಮಧ್ಯಾಹ್ನ ಊಟವಾದ ಮೇಲೆ ಅತ್ತೆಯೂ ನಾನೂ ಪಡಸಾಲೆಯಲ್ಲಿ ಕೂತು, ಹಳೆಯ ಪುಸ್ತಕ, ಹಳೆಯ ಪೇಪರು ಎಲ್ಲವನ್ನೂ ಪರಪರ ಹರಿಯುತ್ತಿದ್ದೆವು. ಮಾವನಿಗೆ ಇಂಗ್ಲಿಷಿನ ಮೇಲೆ ಬಹಳ ಗೌರವ. ಇಂಗ್ಲಿಷ್ ಪುಸ್ತಕದ ಕಾಗದ ದಪ್ಪವಾಗಿರುತ್ತದೆ, ಅಚ್ಚುಬೆಲ್ಲ ಹಾಕಿ ಕಟ್ಟಿದರೂ ಬಿರಿಯುವುದಿಲ್ಲ ಎಂದು ಹೇಳುತ್ತಿದ್ದರು. ತೆಳುವಾದ ಕಾಗದವೆಲ್ಲ ಜೀರಿಗೆ ಸಾಸಿವೆಗೆ. ಭಾಷೆಗಳನ್ನು ಅವರಷ್ಟು ನಿಷ್ಪಕ್ಷಪಾತವಾಗಿ ಅಳೆದವರನ್ನು ನಾನು ಆಮೇಲೂ ಕಂಡಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಡಿಗ್ರಿ ಕಾಲೇಜು ಶುರುವಾಗಿತ್ತು. ಹುಡುಗಿಯರು ಎದೆಗೆ ಪುಸ್ತಕ ಅವುಚಿಕೊಂಡು ನಮ್ಮ ಅಂಗಡಿಯ ಮುಂದೆಯೇ ಹೋಗುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಮುಚ್ಚುಮರೆ ಏಕೆ? ಅವರಲ್ಲಿ ಯಾರಿಗೂ ನನಗಿಂತ ಹೆಚ್ಚು ಬುದ್ಧಿ ಇದ್ದಂತೆ ಕಾಣಲಿಲ್ಲ. ನನಗೂ ಅವರಿಗೂ ನಡುವೆ ಇದ್ದದ್ದು ಒಂದು ಬೆಕ್ಕು ಮಾತ್ರ. ಯಜಮಾನರನ್ನು ಕೇಳಿದೆ. "ಅವ್ವನ್ನ ಕೇಳು" ಅಂದರು. ಅತ್ತೆಯನ್ನು ಕೇಳಿದೆ. "ನಿಮ್ಮಾವನ್ನ ಕೇಳವ್ವ" ಅಂದರು. ಮಾವ ತೊಗರಿಬೇಳೆ ತೂಗುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತು, "ಮಾವಾ, ಇಂಗ್ಲಿಷ್ ಇನ್ನೊಂದ್ ಸಲ ಕಟ್ತೀನಿ. ಪಾಸಾದ್ರೆ ಕಾಲೇಜಿಗೆ ಸೇರ್ತೀನಿ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಮಾವ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. "ಕಟ್ಟು. ಒಂದೇ ಸಲ. ಪಾಸಾದ್ರೆ ಓಗು, ನಾನೇ ಸೇರಿಸ್ತೀನಿ. ಫೇಲಾದ್ರೆ ಆ ಪುಸ್ತಕ ತಂದು ಇಲ್ ಮಡಗು, ಬೆಲ್ಲಕ್ಕಾಯ್ತವೆ" ಅಂದರು. ತಮಾಷೆಗೆ ಹೇಳಿದ್ದಲ್ಲ. ಸಂಜೆ ನನ್ನ ಟೆಕ್ಸ್ಟ್ ಬುಕ್ಕಿನ ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, "ಪರವಾಗಿಲ್ಲ" ಎಂದದ್ದನ್ನು ನಾನೇ ಕಂಡೆ.

ನಮಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟ ಮಾದಪ್ಪ ಮೇಷ್ಟ್ರು ರಿಟೈರಾಗಿ ನರಸೀಪುರದ ಮನೆಯಲ್ಲಿದ್ದರು. ಪರೀಕ್ಷೆಯನ್ನೂ ನಾನು ಮೊದಲು ಓದಿದ ನರಸೀಪುರದ ಕಾಲೇಜಿನಲ್ಲೇ ಬರೆಯಬೇಕಿತ್ತು. ಫೀಜು ಕಟ್ಟಲು ಹೋದ ದಿನವೇ ಅತ್ತೆಯನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಬೆಕ್ಕಿನ ವೃತ್ತಾಂತವನ್ನು ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ನಿನಗೆ ಇಂಗ್ಲಿಷ್ ಬರುತ್ತೆ ಕಣಮ್ಮ ಪಾರ್ವತಿ. ನಿನ್ನ ಕಾಯಿಲೆ ಬೇರೆ. ಓದ್ತಾ ಓದ್ತಾ ನೀನು ಪಂಚಾಯ್ತಿಗೆ ಕೂತುಬಿಡ್ತೀಯ. ಬೆಕ್ಕು ಅಂದ್ರೆ ಬೆಕ್ಕೇ. ಕಾಗದದ ಮೇಲೆ ಏನಿದೆಯೋ ಅಷ್ಟು. ಹೆಚ್ಚೂ ಬೇಡ, ಕಮ್ಮೀನೂ ಬೇಡ" ಅಂದರು.

ಅತ್ತೆಗೆ ಇದು ಸರಿ ಬರಲಿಲ್ಲ. "ಅಲ್ಲ ಸಾ, ಆ ಮುದುಕಿಗೆ ತಮ್ಮನ ಮಗ ಇರ್ನಿಲ್ವಾ?" ಎಂದು ಕೇಳಿದರು.

"ಇದ್ದನೋ ಇಲ್ಲವೋ, ಅದು ನಮಗೆ ಬೇಡ ಗೌರಮ್ಮನೋರೆ."

"ಅದೆಂಗೆ ಬ್ಯಾಡ ಅಂತೀರಿ? ನೆಂಟ್ರು ಇಷ್ಟ್ರು ಅಂತ ಯಾರೂ ಇರ್ನಿಲ್ಲ ಅಂದ್ರೆ ಮಾತು ಬ್ಯಾರೆ. ಕೇಳ್ಬೇಕಲ್ವಾ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಕಾಯಿಲೆ ಮನೆತನದ್ದು ಎಂದು ಅವರಿಗೆ ಮನವರಿಕೆಯಾಗಿರಬೇಕು. ಕೊನೆಗೆ ಒಂದು ಔಷಧ ಹೇಳಿದರು: ಗೈಡಿನಲ್ಲಿರುವ ಪ್ಯಾಸೇಜುಗಳು ನಿನಗೆ ಬಾಯಿಪಾಠವಾಗಿವೆ, ಅವು ಕೆಲಸಕ್ಕೆ ಬಾರವು, ಹಿಂದೆಂದೂ ನೋಡಿರದ ಇಂಗ್ಲಿಷನ್ನು ದಿನಾ ಓದಬೇಕು, ಓದಿದ್ದರ ಮೇಲೆ ಯಾರಾದರೂ ಪ್ರಶ್ನೆ ಕೇಳಬೇಕು. ನೋಡಿರದ ಇಂಗ್ಲಿಷನ್ನು ದಿನಾ ಎಲ್ಲಿಂದ ತರಲಿ ಎಂದು ನಾನು ಬಸ್ಸಿನಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಅತ್ತೆ ನನ್ನ ತೋಳು ತಿವಿದು, "ಅಯ್ ಮಂಕೇ, ನೋಡ್ದಿರೋ ಇಂಗ್ಲೀಸು ನಮ್ಮನೇಲಿ ಮೂಟೆಗಟ್ಲೆ ಬಿದ್ದದಲ್ಲ!" ಅಂದರು.

ಅಲ್ಲಿಂದ ನಮ್ಮ ಪಡಸಾಲೆ ಪಾಠಶಾಲೆಯಾಯಿತು. ಅತ್ತೆ ರದ್ದಿಯ ರಾಶಿಗೆ ಕೈಹಾಕಿ ಕಣ್ಣಿಗೆ ಕಂಡ ಒಂದು ಇಂಗ್ಲಿಷ್ ಹಾಳೆ ಎಳೆದು ಕೊಡುವರು. ನಾನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವೆ. ಅವರು ಪ್ರಶ್ನೆ ಕೇಳುವರು. ಎಂತೆಂಥ ಹಾಳೆಗಳು! ಕೋಳಿಗೆ ಬರುವ ರೋಗಗಳು, ಯಾವುದೋ ದೇಶದ ರಾಜನ ಹಲ್ಲುನೋವು, ಮೇಜಿನ ಮೇಲೆ ಫೋರ್ಕು ಯಾವ ಕಡೆ ಇಡಬೇಕು, ಟೈರಿನ ಜಾಹೀರಾತು. ಫೋರ್ಕಿನ ಹಾಳೆ ಅತ್ತೆಗೆ ಹಿಡಿಸಲಿಲ್ಲ. "ಇಷ್ಟೊಂದ್ ಅಣಿ ಮಾಡ್ಕಂಡು ಉಣ್ಣೋಷ್ಟೊತ್ತಿಗೆ ಅನ್ನ ಆರೋಯ್ತದೆ" ಎಂದು ಅದನ್ನು ಕಡಲೆಪುಡಿಗೆ ಎತ್ತಿಟ್ಟರು. ಕೋಳಿರೋಗದ ಹಾಳೆಯನ್ನು, ಕೋಳಿ ಮುಟ್ಟದ ನಮ್ಮ ಮನೆಯಲ್ಲಿ, ಎರಡು ಸಲ ಓದಿಸಿ ಕೇಳಿದರು. ಅವರ ಪ್ರಶ್ನೆಗಳೋ, ಯಾವ ಯೂನಿವರ್ಸಿಟಿಯವರೂ ಕೇಳಲಾರರು. ರಾಜನ ಹಲ್ಲುನೋವಿಗೆ ರಾಣಿ ಏನಂದಳು? ಕಿತ್ತ ಹಲ್ಲು ಏನು ಮಾಡಿದರು? ಹಾಳೆಯಲ್ಲಿ ಇಲ್ಲ ಅಂದರೆ, "ಸರ್ಯಾಗ್ ನೋಡು, ಇರ್ತದೆ" ಎನ್ನುವರು. ನಾನು ಸರಿಯಾಗಿ ನೋಡುವೆ. ಕೆಲವು ಸಲ ಇರುತ್ತಿತ್ತು ಕೂಡ, ಅದೇ ಸೋಜಿಗ.

ಹೀಗಿರುವಾಗ ಒಂದು ದಿನ ಚೀನಾದ ಹಾಳೆ ಸಿಕ್ಕಿತು. ಹಿಂದಿನ ಕಾಲದಲ್ಲಿ ಚೀನಾ ದೇಶದಲ್ಲಿ ಅರಸನ ಉದ್ಯೋಗಕ್ಕೆ ಸೇರಬೇಕಾದರೆ ದೊಡ್ಡ ಪರೀಕ್ಷೆ ಬರೆಯಬೇಕಿತ್ತಂತೆ. ಬರೆಯುವವರನ್ನು ಒಬ್ಬೊಬ್ಬರಾಗಿ ಪುಟ್ಟ ಪುಟ್ಟ ಗೂಡುಗಳಲ್ಲಿ ಕೂಡಿಹಾಕುತ್ತಿದ್ದರಂತೆ. ಊಟ, ಹಾಸಿಗೆ ಎಲ್ಲ ಅವರೇ ಹೊತ್ತು ತರಬೇಕು. ದಿನಗಟ್ಟಲೆ ಒಳಗೇ ಕೂತು ಬರೆಯಬೇಕು, ಮುಗಿಯುವವರೆಗೂ ಹೊರಗೆ ಬಿಡುವುದಿಲ್ಲ. ತಾಯಿ ಸತ್ತು ಒಂಟಿಯಾಗಿ ಬೆಳೆದ ಒಬ್ಬ ಬಡವ ಹಾಗೆ ಪರೀಕ್ಷೆಗೆ ಹೋಗಿ ಕೂತ, ಮಳೆ ಹಿಡಿಯಿತು, ಸೂರು ಸೋರಿ ಬರೆದ ಕಾಗದದ ಮೇಲೆ ನೀರು ತೊಟ್ಟಿಕ್ಕತೊಡಗಿತು, ಅವನು ತನ್ನ ಅಂಗಿ ಬಿಚ್ಚಿ... ಅಷ್ಟೆ. ಹಾಳೆ ಅಲ್ಲಿಗೆ ಹರಿದಿತ್ತು.

"ಬಿಚ್ಚಿ?" ಅಂದರು ಅತ್ತೆ.

"ಇಲ್ಲ ಅತ್ತೆ. ಇಲ್ಲಿಗೇ ಹರಿದಿದೆ."

ಅತ್ತೆ ಎದ್ದು ನಿಂತರು. ಮಿಕ್ಕರ್ಧ ಹಾಳೆ ಹುಡುಕಿ ಇಡೀ ರಾಶಿ ಕೆದರಿದೆವು. ಅಂಗಡಿಯಲ್ಲಿ ಕೇಳಿದಾಗ, ಆ ಕಂತೆಯ ಮೇಲಿನ ಹಾಳೆಗಳು ಬೆಳಿಗ್ಗೆಯೇ ಖರ್ಚಾಗಿವೆ, ಹೆಡತಲೆ ಊರಿನ ಶಿವಮ್ಮನಿಗೆ ಕೊಬ್ಬರಿ ಕಟ್ಟಿಕೊಟ್ಟದ್ದು ಅಂಥದೇ ಹಾಳೆಯಲ್ಲಿ ಎಂದು ಯಜಮಾನರು ನೆನಪು ಮಾಡಿಕೊಂಡು ಹೇಳಿದರು. ಮುಂದಿನ ಸಂತೆಗೆ ಶಿವಮ್ಮ ಬರುವವರೆಗೆ ಅತ್ತೆಗೆ ಸಮಾಧಾನವಿಲ್ಲ. ಬಂದ ಕೂಡಲೇ, ಅವಳು ಚೀಲ ಕೆಳಗಿಡುವ ಮುಂಚೆ, "ಕೊಬ್ರಿ ಕಟ್ಟಿದ್ ಕಾಗ್ದ ಎಲ್ಲಮ್ಮೀ?" ಎಂದು ಕೇಳಿದರು. ಅವಳು ತಬ್ಬಿಬ್ಬಾಗಿ, "ಒಲೆಗಾಕ್ದೆ ಕಣಕ್ಕಾ, ಯಾಕೆ?" ಅಂದಳು. "ಪರೀಕ್ಸೆಗೋದ ಉಡುಗನ್ನ ಒಲೆಗಾಕ್ಬುಟ್ಯಲ್ಲೇ!" ಎಂದು ಅತ್ತೆ ತಲೆ ಚಚ್ಚಿಕೊಂಡರು. ಆ ಹೆಂಗಸು ಅಂದು ಉಪ್ಪು ಮಾತ್ರ ತೆಗೆದುಕೊಂಡು ಬೇಗ ಬೇಗ ಹೋದಳು.

ಅತ್ತೆಯ ಸಂಕಟ ನೋಡಲಾರದೆ ಆ ದಿನ ನಾನೇ ಕಥೆ ಮುಗಿಸಿದೆ. ಹುಡುಗ ಅಂಗಿಯನ್ನು ಕಾಗದದ ಮೇಲೆ ಕೊಡೆಯ ಹಾಗೆ ಹಿಡಿದು ಬರೆದ, ಎಲ್ಲರಿಗಿಂತ ಮೊದಲಿಗನಾದ, ಅರಸ ಕುದುರೆ ಕೊಟ್ಟ, ಮನೆಗೆ ಬಂದಾಗ ತಾಯಿ ಆರತಿ ಎತ್ತಿ ಒಳಗೆ ಕರೆದುಕೊಂಡಳು ಎಂದೆ. ಅತ್ತೆ ಕಣ್ಣು ಒರೆಸಿಕೊಂಡರು. ಸಂಜೆ ಹಾಲು ಕಾಯಿಸುತ್ತಾ ಇದ್ದಕ್ಕಿದ್ದಂತೆ ತಿರುಗಿ, "ಅಲ್ಲ ಕಣವ್ವಾ, ಅವನವ್ವ ಸತ್ತೋಗಿದ್ಲು ಅಂತ ಮೊದ್ಲೇ ಅಂದಿದ್ದೆ. ಆರತಿ ಎತ್ತಿದ್ಯಾರು?" ಅಂದರು. ನನ್ನ ಮುಖ ಹುಳ್ಳಗಾಯಿತು. "ನೀನೇ ಕಟ್ಟಿ ಏಳ್ದೆ, ಅಲ್ವಾ? ಅದ್ಕೇ ನೀನು ಫೇಲಾದದ್ದು" ಅಂದರು ಅತ್ತೆ. ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ ಹೇಳಿದ್ದು ತಲೆಗೆ ಹೋಗಿರಲಿಲ್ಲ. ಹಾಲು ಉಕ್ಕುವ ಹೊತ್ತಿನಲ್ಲಿ ಇದು ಹೋಯಿತು. ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕರಾರಾಯಿತು: ಅತ್ತೆ ಏನು ಬೇಕಾದರೂ ಕೇಳಬಹುದು, ನಾನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಲಾಗದ ಒಂದು ಮಾತನ್ನೂ ಹೇಳಬಾರದು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಚೀನಾದವರ ಪದ್ಧತಿ ಅತ್ತೆಯ ಮನಸ್ಸಿಗೆ ಬಹಳ ಹಿಡಿಸಿತ್ತು. ಪರೀಕ್ಷೆ ಹತ್ತಿರವಾಗುತ್ತಿದ್ದಂತೆ, "ನಿಂಗೆ ಅರ್ಧ ಗಳಿಗೆ ಕೂರಕ್ ಬುಡಾಕಿಲ್ಲ ಈ ಮನೆ. ನೀರ್ ಕೊಡು ಅಂತಾರೆ, ಬತ್ತಿ ಒಸಿ ಅಂತಾರೆ. ಚೀನಾದೋರಂಗೇ ಮಾಡವಾ" ಎಂದು ಅಂಗಡಿಯ ಉಗ್ರಾಣದಲ್ಲಿ ಒಂದು ಮೂಲೆ ಗುಡಿಸಿ, ಚಾಪೆ ಹಾಸಿ, ಒಂದು ಚೊಂಬು ನೀರು, ಬಟ್ಟೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ರದ್ದಿಯ ಒಂದು ಕಂತೆ ಇಟ್ಟು ನನ್ನನ್ನು ಒಳಗೆ ಕೂರಿಸಿ ಹೊರಗಿನಿಂದ ಅಗುಳಿ ಹಾಕಿದರು. ಒಳ್ಳೆಯ ಏರ್ಪಾಡೇ. ಆದರೆ ಚೀನಾದ ಗೂಡುಗಳಲ್ಲಿ ಒಣಮೆಣಸಿನಕಾಯಿ ಮೂಟೆ ಇರುತ್ತಿರಲಿಲ್ಲವೆಂದು ಕಾಣುತ್ತದೆ. ನಾನು ಒಂದು ವಾಕ್ಯ ಓದುವುದು, ಸೀನುವುದು. ಇನ್ನೊಂದು ವಾಕ್ಯ, ಇನ್ನೊಂದು ಸೀನು. ಕಣ್ಣು ಮೂಗೆಲ್ಲ ಸುರಿಯುತ್ತಿತ್ತು. ಹಾಗೇ ಮೂಗೆಳೆಯುತ್ತಾ ಗಟ್ಟಿಯಾಗಿ ಓದುತ್ತಿದ್ದೆ.

ಅತ್ತೆ ಪಕ್ಕದ ಬೀದಿಯ ಬಾಣಂತಿಯನ್ನು ನೋಡಲು ಹೋಗಿದ್ದರು. ಹಿತ್ತಲಿಗೆ ಬಂದ ನೆರೆಮನೆಯ ಚೆನ್ನಾಜಮ್ಮ ಅಗುಳಿ ಹಾಕಿದ ಉಗ್ರಾಣದೊಳಗಿಂದ ಬಂದ ದನಿ ಕೇಳಿ ಹೆದರಿ ಅಂಗಡಿಗೆ ಓಡಿದರು. ಅಂಗಡಿ ತುಂಬ ಹೆಮ್ಮಿಗೆ ಕಡೆಯ ಗಿರಾಕಿಗಳು. ಅವರೆಲ್ಲರ ಮುಂದೆ, "ಪುಟ್ಬಸಪ್ಪಣ್ಣಾ, ನಿಮ್ ಉಗ್ರಾಣದಲ್ಲಿ ಏನೋ ಸೇರ್ಕಂಡದೆ! ಇಂಗ್ಲೀಸಲ್ಲಿ ಅಳ್ತದೆ!" ಎಂದು ಕೂಗಿದರು. ಮಾವ, ಯಜಮಾನರು, ಅವರ ಹಿಂದೆ ಗಿರಾಕಿಗಳು, ಎಲ್ಲರೂ ಬಂದರು. ಅಗುಳಿ ತೆಗೆದಾಗ ನಾನು ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಹಾಳೆ ಹಿಡಿದು, ಕೆಂಪಡರಿದ ಮುಖದಲ್ಲಿ ಕೂತಿದ್ದೆ. ಗಿರಾಕಿಯೊಬ್ಬ, "ಅಯ್ಯಯ್ಯೋ, ಸೊಸೇನ ಕೂಡಾಕವ್ರೆ ಕಣ್ಲಾ" ಅಂದ. ಮಾವನ ಮುಖ ನೋಡಬೇಕಿತ್ತು. ಅದೇ ಹೊತ್ತಿಗೆ ಅತ್ತೆ ವಾಪಸು ಬಂದರು. ಬಂದವರು ಒಂದಿಷ್ಟೂ ಅಳುಕಲಿಲ್ಲ. "ಏನ್ ಜಾತ್ರೆ ಇಲ್ಲಿ? ಚೀನಾ ದೇಸದಲ್ಲಿ ಪರೀಕ್ಸೆಗೆ ಇಂಗೇ ಓದದು. ನಡೀರಿ, ನಡೀರಿ" ಎಂದು ಎಲ್ಲರನ್ನೂ ಅಟ್ಟಿ ಮತ್ತೆ ಅಗುಳಿ ಹಾಕಿದರು.

ಆದರೆ ಸುದ್ದಿಗೆ ಅಗುಳಿ ಹಾಕುವವರು ಯಾರು? ಪುಟ್ಟಬಸಪ್ಪನವರ ಸೊಸೆ ಚೀನಾ ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಎರಡು ತಾಲ್ಲೂಕಿಗೂ ತಿಳಿಯಿತು. ಅರ್ಧ ಸೇರು ಹುರುಳಿಕಾಳಿಗೆ ಬಂದವರೂ, "ಸೊಸೆ ಪರೀಕ್ಸೆ ಎಲ್ಲಿಗ್ ಬಂತು ಸಾವ್ಕಾರ್ರೇ?" ಎಂದು ಕೇಳಿ ಹೋಗುವರು. ಮಾವ ಹುಂ, ಉಹುಂ ಎನ್ನುವರು. ಇಷ್ಟು ದಿನ ಫೇಲಾದರೆ ನನ್ನ ಕಾಲೇಜೊಂದು ಹೋಗುತ್ತಿತ್ತು. ಈಗ ಮಾವನ ಮಾನವೂ ಜೊತೆಗೆ ಹೋಗುವಂತಾಯಿತು. ಅವರು ಮೆಣಸಿನಕಾಯಿ ಮೂಟೆಗಳನ್ನು ಸದ್ದಿಲ್ಲದೆ ಬೇರೆ ಕಡೆಗೆ ಸಾಗಿಸಿದರು.

ಪರೀಕ್ಷೆಯ ದಿನ ಮೊದಲನೇ ಬಸ್ಸಿಗೆ ಅತ್ತೆಯೂ ನಾನೂ ನರಸೀಪುರಕ್ಕೆ ಹೋದೆವು. ಅತ್ತ ಕಪಿಲೆ, ಇತ್ತ ಕಾವೇರಿ, ಎರಡಕ್ಕೂ ಬಸ್ಸಿನಿಂದಲೇ ಕೈಮುಗಿದದ್ದಾಯಿತು. ಅತ್ತೆ ಕಾಲೇಜಿನ ಎದುರಿನ ಹುಣಸೇಮರದ ಕೆಳಗೆ ಬುತ್ತಿ ಹಿಡಿದು ಕೂತರು. ಒಳಗೆ ಹೋಗಿ ಪ್ರಶ್ನೆಪತ್ರಿಕೆ ತಿರುಗಿಸಿ ಪ್ಯಾಸೇಜು ನೋಡಿದೆ. ಒಬ್ಬ ಜಡ್ಜು. ದೊಡ್ಡ ಬಂಗಲೆ, ಆಳುಕಾಳು, ಟೀ ತಂದುಕೊಡುವ ಬಟ್ಲರ್, ಏನು ಬೇಕಾದರೂ ಇದೆ. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಆ ಮನುಷ್ಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಮನೆಮಂದಿಯ ಷೂಗಳನ್ನೆಲ್ಲ ತಾನೇ ತಿಕ್ಕಿ ಪಾಲಿಷ್ ಮಾಡುತ್ತಾನಂತೆ. ಮೊದಲು ಹೆಂಡತಿಯದು. ಕೆಳಗೆ ಮೊದಲ ಪ್ರಶ್ನೆಯೇ, ಜಡ್ಜಿನ ಹೆಂಡತಿಯ ಷೂ ಪಾಲಿಷ್ ಮಾಡುತ್ತಿದ್ದವರು ಯಾರು?

ನಿಮ್ಮಾಣೆ, ನನ್ನ ಪೆನ್ನು ತಾನಾಗಿಯೇ ಬಟ್ಲರ್ ಎಂದು ಬರೆಯಲು ಹೊರಟಿತು. ಅಕ್ಕಪಕ್ಕ ನೋಡಿದೆ. ಎಲ್ಲರ ಪೆನ್ನೂ ಸರಾಗವಾಗಿ ಓಡುತ್ತಿತ್ತು. ಜಡ್ಜು ಅಂದರೆ ಸಾಮಾನ್ಯವೇ? ಗಲ್ಲಿಗೆ ಹಾಕು ಎನ್ನುವ ಮನುಷ್ಯ ಹೆಂಡತಿಯ ಮೆಟ್ಟು ತಿಕ್ಕುವುದುಂಟೆ? ಮತ್ತೆ ಓದಿದೆ. ಬೆರಳಿಟ್ಟು ಓದಿದೆ. ಬಟ್ಲರ್ ಇದ್ದಾನೆ, ಟೀ ಹಿಡಿದು ಪಕ್ಕದಲ್ಲೇ ನಿಂತಿದ್ದಾನೆ, ಕೈಯಲ್ಲಿ ಬ್ರಷ್ಷಿಲ್ಲ. ಬ್ರಷ್ಷು ಜಡ್ಜಿನ ಕೈಯಲ್ಲೇ ಇದೆ. ಕಾಗದದ ಮೇಲೆ ಏನಿದೆಯೋ ಅಷ್ಟೇ ಎಂದು ಹಲ್ಲು ಕಚ್ಚಿ, ಜಡ್ಜೇ ತನ್ನ ಹೆಂಡತಿಯ ಷೂ ಪಾಲಿಷ್ ಮಾಡುತ್ತಿದ್ದ ಎಂದು ಬರೆದೆ. ಅವನು ಯಾಕೆ ಹಾಗೆ ಮಾಡುತ್ತಿದ್ದ, ಅವಳಿಗೆ ನಾಚಿಕೆಯಾಗುತ್ತಿರಲಿಲ್ಲವೆ, ಅತ್ತೆಮನೆಯವರು ಏನೆಂದುಕೊಂಡರು, ಯಾವುದನ್ನೂ ಸೇರಿಸಲಿಲ್ಲ. ಮಿಕ್ಕ ಪ್ರಶ್ನೆಗಳಿಗೂ ಹೀಗೇ ಬಾಯಿ ಕಟ್ಟಿಕೊಂಡು ಉತ್ತರ ಬರೆದೆ. ಅಷ್ಟು ಸುಮ್ಮನಿರುವುದು ನನ್ನ ಜನ್ಮದಲ್ಲಿ ಅದೇ ಮೊದಲು.

ಹೊರಗೆ ಬಂದರೆ ಹುಡುಗರೆಲ್ಲ ಗುಂಪುಗೂಡಿ ಬಟ್ಲರ್, ಬಟ್ಲರ್ ಎನ್ನುತ್ತಿದ್ದಾರೆ. ನಾನು ಜಡ್ಜು ಎಂದಾಗ ಗೊಳ್ಳೆಂದು ನಕ್ಕರು. "ಇಲ್ಲ ಕಣಕ್ಕಾ, ಅಷ್ಟೊಂದು ಆಳು ಮಡಿಕಂಡು ಜಡ್ಜು ಯಾಕ್ ತಿಕ್ತಾನೆ?" ಎಂದು ಒಬ್ಬ ನನಗೆ ಬುದ್ಧಿ ಹೇಳಿದ. ಹುಣಸೇಮರದ ಕೆಳಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಕಟ್ಟಿದ ಬುತ್ತಿಯನ್ನು ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಜಡ್ಜು? ಎಡ್ತಿ ಮೆಟ್ಟು ತಿಕ್ಕುದ್ನಾ?" ಅಂದರು. ಆಮೇಲೆ ಮೆಲ್ಲಗೆ, "ಮಗಾ, ಇನ್ನೊಂದ್ ಸಲ ಒಳೀಕೋಗಿ ಬದ್ಲಾಯ್ಸಕ್ ಬುಡಾಕಿಲ್ವಾ?" ಎಂದು ಕೇಳಿದರು. ಕಾಗದದ ಮೇಲೆ ಬೆರಳಿಟ್ಟು ಓದಿದ್ದೇನೆ ಅತ್ತೆ ಎಂದೆ. "ಅಂಗಾರೆ ಸರಿ ಬುಡು" ಎಂದು ರೊಟ್ಟಿ ಕೈಗಿತ್ತರು. ಆದರೆ ಅವರು ಒಂದು ತುತ್ತೂ ತಿನ್ನಲಿಲ್ಲ. ಮನೆಯಲ್ಲಿ ಸುದ್ದಿ ಕೇಳಿ ಯಜಮಾನರು ಗಂಟಲು ಸರಿಮಾಡಿಕೊಂಡು ಹೊರಗೆ ಹೋದರು. ಮಾವ, "ಜಡ್ಜು ತಿಕ್ಕುದ್ನಂತಾ?" ಎಂದು ಕೇಳಿದರು. ಮರುದಿನ ನೋಡುತ್ತೇನೆ, ಗೋಡೆಗೂಡಿನಲ್ಲಿದ್ದ ನನ್ನ ಪುಸ್ತಕಗಳು ಅಂಗಡಿಯ ಬಾಗಿಲ ಹತ್ತಿರದ ಹಲಗೆಗೆ ಬಂದು ಕೂತಿದ್ದವು, ಬೆಲ್ಲದ ಡಬ್ಬದ ಪಕ್ಕದಲ್ಲೇ.

ರಿಸಲ್ಟ್ ನೋಡಲು ಮತ್ತೆ ಇಬ್ಬರೂ ನರಸೀಪುರಕ್ಕೆ ಹೋದೆವು. ಬೋರ್ಡಿನ ಮುಂದೆ ಹುಡುಗರು ಮುಗಿಬಿದ್ದಿದ್ದರು. ಅತ್ತೆ, "ಸರೀರ್ಲಾ ಅತ್ತಗೆ" ಎಂದು ಮೊಣಕೈಯಲ್ಲಿ ದಾರಿ ಮಾಡಿ ನನ್ನನ್ನು ಮುಂದಕ್ಕೆ ನೂಕಿದರು. ನನ್ನ ನಂಬರು ಇತ್ತು. ಹಿಂದಿನದು ಇಲ್ಲ, ಮುಂದಿನದು ಇಲ್ಲ, ನಡುವೆ ನನ್ನದು ಎದೆ ಸೆಟೆದು ನಿಂತಿತ್ತು. ಬೆರಳಿಟ್ಟು ತೋರಿಸಿದೆ. ಅತ್ತೆ ಆ ನಂಬರನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನನ್ನು ಆ ಹುಡುಗರ ಮಧ್ಯದಲ್ಲೇ ತಬ್ಬಿಕೊಂಡರು. ಮಾದಪ್ಪ ಮೇಷ್ಟ್ರು ಮನೆಯಲ್ಲಿ ಸಕ್ಕರೆ ಕೊಟ್ಟು, "ಜಡ್ಜೇ ಸರಿ ಕಣಮ್ಮ. ಬಟ್ಲರ್ ಅಂತ ಬರೆದವರನ್ನ ಎಣಿಸೋಕಾಗಲ್ಲ" ಅಂದರು. ಮುಂದೆ ಅಂಕಪಟ್ಟಿ ಬಂದಾಗ ಆ ಕಾಲೇಜಿನಲ್ಲಿ ಆ ಸಲ ಇಂಗ್ಲಿಷಿಗೆ ನನ್ನದೇ ಹೆಚ್ಚು ಎಂದು ತಿಳಿಯಿತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಬಕ್ಕೇ ಹೇಳುತ್ತಿದ್ದೇನೆ.

ವಾಪಸು ಬರುವಾಗ ಬಸ್ಸಿನ ತುಂಬ ಅತ್ತೆಯದೇ ದನಿ. "ನಾವು ಇಂಗ್ಲೀಸಲ್ಲಿ ಪಾಸಾದೋ" ಎಂದು ಮುಂದಿನ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ, ಕೋಳಿ ಬುಟ್ಟಿ ಹಿಡಿದವನಿಗೆ ಹೇಳಿದರು. ಕಂಡಕ್ಟರು, "ಇಬ್ರೂನಾ ಅಮ್ಮಾ?" ಎಂದು ಕೇಳಿದ. "ಊಂ ಕಣಪ್ಪ, ಇಬ್ರೂವೆ" ಅಂದರು. ನಾನು ತಿದ್ದಲಿಲ್ಲ. ತಿದ್ದುವಂಥ ತಪ್ಪು ಅದರಲ್ಲಿ ಇರಲಿಲ್ಲ.

ಅಂಗಡಿಯಲ್ಲಿ ಮಾವ ಸುದ್ದಿ ಕೇಳಿದವರೇ ಕಲ್ಲುಸಕ್ಕರೆ ಡಬ್ಬ ತೆರೆದು ಬಂದ ಬಂದವರಿಗೆಲ್ಲ ಹಿಡಿ ಹಿಡಿ ಹಂಚಿದರು. ತೂಗದೆ ಅವರು ಏನನ್ನಾದರೂ ಕೊಟ್ಟದ್ದನ್ನು ನಂಜನಗೂಡು ಅಂದೇ ನೋಡಿದ್ದು. ಆಮೇಲೆ ನನ್ನ ಪುಸ್ತಕಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದು ಗೋಡೆಗೂಡಿನಲ್ಲಿ ಇಟ್ಟರು. ಹೋಗಲಿಲ್ಲ, ಅಲ್ಲೇ ನಿಂತರು. "ಅಂದ್ರೆ, ಆ ಜಡ್ಜು... ದಿಟವಾಗ್ಲೂ ಅವನೇ ತಿಕ್ಕುದ್ನಾ?" ಎಂದು ಕೇಳಿದರು.

"ಹೂಂ ಮಾವಾ. ಅವನೇ."

ಅವರ ಕಣ್ಣು ಹೊಸಲ ಹತ್ತಿರ ಬಿಟ್ಟಿದ್ದ ಅತ್ತೆಯ ಧೂಳುಮೆಟ್ಟಿನ ಕಡೆಗೆ ಹೋಯಿತು. ಅತ್ತೆಯ ಕಣ್ಣೂ ಅಲ್ಲಿಗೇ ಹೋಯಿತು. "ಗಿರಾಕಿ ಬಂದವ್ರೆ" ಎಂದು ಮಾವ ಸರಸರನೆ ಅಂಗಡಿಗೆ ನಡೆದರು. ಅಂಗಡಿಯಲ್ಲಿ ಆಗ ಯಾರೂ ಇರಲಿಲ್ಲ.

ಕಾಲೇಜು ಶುರುವಾದ ದಿನ ಅತ್ತೆ ಗೇಟಿನವರೆಗೂ ಬಂದರು. ಹೊಸ ಸೀರೆ, ಕೈಯಲ್ಲಿ ಪುಸ್ತಕ, ಎದೆಯೊಳಗೆ ಜಡ್ಜಿನ ಗತ್ತು. ಇನ್ನು ಇಂಗ್ಲಿಷಿನಲ್ಲಿ ಬರೆದದ್ದು ಯಾವುದೂ ನನ್ನ ಕಣ್ತಪ್ಪಿಸಿ ಹೋಗಲಾರದು ಎಂದುಕೊಂಡು ಒಳಗೆ ನಡೆದು, ಮೊದಲು ಸಿಕ್ಕ ಕೋಣೆಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಮೊದಲನೇ ವರ್ಷದವರಿಗೆ ಮೊದಲನೇ ಕೋಣೆಯಲ್ಲದೆ ಇನ್ಯಾವುದನ್ನು ಕೊಡುತ್ತಾರೆ? ಲೆಕ್ಚರರು ಬಂದು ವರ್ಷದ ಕೊನೆಯಲ್ಲಿ ಅಂಗಡಿಯಲ್ಲಿ ಉಳಿದ ಸರಕಿಗೆ ಬೆಲೆ ಕಟ್ಟುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಪ್ರತಿಯೊಂದು ಮಾತೂ ಅರ್ಥವಾಯಿತು. ನಡುವೆ ಅವರು ಕೇಳಿದ ಒಂದು ಪ್ರಶ್ನೆಗೆ, ಮಾವ ಮಾಡುವುದನ್ನೇ ನೆನೆದು, ಎದ್ದು ಉತ್ತರ ಹೇಳಿದೆ. "ವೆರಿ ಗುಡ್" ಅಂದರು. ಇಡೀ ಕ್ಲಾಸು ತಿರುಗಿ ನೋಡಿತು, ನಾನು ಬೀಗಿಹೋದೆ. ಕೊನೆಯಲ್ಲಿ ಹಾಜರಿ ಕೂಗಿದಾಗ ಮಾತ್ರ ನನ್ನ ಹೆಸರು ಬರಲಿಲ್ಲ. ಗತ್ತಿನಿಂದಲೇ ಎದ್ದು ನಿಂತು, "ಸಾರ್, ನನ್ನ ಹೆಸರು ಬಿಟ್ಟುಹೋಗಿದೆ. ಪಾರ್ವತಿ, ಮೊದಲನೇ ಬಿ.ಎ." ಎಂದೆ. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ನಗು ಉಕ್ಕಿ ಬಂತು. ಲೆಕ್ಚರರು ಪಾಪ, ನಗು ತಡೆದುಕೊಂಡು, "ಇದು ಕೊನೇ ವರ್ಷದ ಬಿ.ಕಾಂ. ಅಮ್ಮಾ. ಬಾಗಿಲ ಮೇಲೆ ಬರೆದಿದೆಯಲ್ಲ, ಓದಲಿಲ್ವಾ?" ಎಂದು ಕೇಳಿದರು. ಹೊರಗೆ ಬಂದು ತಲೆಯೆತ್ತಿ ನೋಡಿದೆ. ಬರೆದಿತ್ತು. ಇಂಗ್ಲಿಷಿನಲ್ಲೇ, ಅಂಗೈಯಗಲದ ಅಕ್ಷರಗಳಲ್ಲಿ.